ಗುಜರಿಗೂ ಬೇಡವಾದ ಡಾಲ್ಫಿನ್, ಇನ್ನೂ ಓಡುತ್ತಿರುವ ಯೆಜ್ಡಿ

ಕರ್ನಾಟಕದಲ್ಲಿ ತಯಾರಾಗಿ ದೇಶದ ರಸ್ತೆಗಳ ಮೇಲೆ ಓಡಾಡಿದ ಎರಡು ವಾಹನಗಳ ಗತಿಯನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಈ ಬರಹದ ಉದ್ದೇಶ. ಒಂದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಮೋಟಾರ್ ಸೈಕಲ್. ಇನ್ನೊಂದು, ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ತಯಾರಿಸಿದ ಡಾಲ್ಫಿನ್ ಕಾರು. ಎರಡರ ಮೂಲ ವಿನ್ಯಾಸವೂ ಯುರೋಪಿನದು. ಎರಡನ್ನೂ ತಯಾರಿಸಿದ ಕಂಪನಿಗಳು ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಕಣ್ಮರೆಯಾದವು. ಆದರೂ ಇಂದು ಮೈಸೂರು, ಮಂಡ್ಯ, ಹಾಸನಗಳ ಪೇಟೆ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಎರಡು ಸೈಲೆನ್ಸರಿನ ಯೆಜ್ಡಿಯ ಸದ್ದು ಕಿವಿಗೆ ಬಿದ್ದೀತು. ಡಾಲ್ಫಿನ್ ಕಾರನ್ನು ನೋಡಿದೆ ಎನ್ನುವವರು ಮಾತ್ರ ಐವತ್ತು ದಾಟಿದವರೇ ಆಗಿರಬೇಕು, ಇಲ್ಲವೇ ಹಳೆಯ ಕಾರುಗಳ ಹುಚ್ಚು ಹಿಡಿದವರಾಗಿರಬೇಕು.

ಒಂದು ಮಾಡೆಲ್ ರಸ್ತೆಯಿಂದ ಯಾವಾಗ ಮರೆಯಾಯಿತು ಎಂದು ಹೇಳುವುದು ಕಷ್ಟ. ತಯಾರಿಕೆ ನಿಂತ ದಿನ ಪತ್ರಿಕೆಯಲ್ಲಿ ಬರುತ್ತದೆ. ಅಂಬಾಸಡರ್ ಕಾರಿನ ವಿಷಯದಲ್ಲಿ ಅದು 2014ರ ಮೇ 24, ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆ ಕೆಲಸ ನಿಲ್ಲಿಸಿದ ದಿನ. ಆದರೆ ಕಾರ್ಖಾನೆ ಮುಚ್ಚಿದ ಮರುದಿನ ರಸ್ತೆಯ ಮೇಲೆ ಒಂದು ಕಾರೂ ಕಡಿಮೆಯಾಗಿರುವುದಿಲ್ಲ. ಕಡಿಮೆಯಾಗುವುದು ಆಮೇಲೆ, ಒಂದೊಂದಾಗಿ, ಬೇರೆ ಬೇರೆ ಊರುಗಳಲ್ಲಿ, ಯಾರ ಗಮನಕ್ಕೂ ಬಾರದಂತೆ. ಎಂದೋ ಒಂದು ದಿನ ಯಾರೋ "ಆ ಕಾರು ಈಗ ಕಾಣಿಸುವುದೇ ಇಲ್ಲವಲ್ಲ" ಎನ್ನುವ ಹೊತ್ತಿಗೆ ಅದು ಕಾಣದಾಗಿ ಹತ್ತು ವರ್ಷವಾಗಿರುತ್ತದೆ.

ಮೊದಲು ಎರಡು ಕಂಪನಿಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಐಡಿಯಲ್ ಜಾವಾ 1960ರಲ್ಲಿ ಸ್ಥಾಪನೆಯಾಗಿ, ಮರುವರ್ಷ ಮೈಸೂರಿನಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ 250 ಸಿಸಿ ಬೈಕನ್ನು ಪರವಾನಗಿಯ ಮೇಲೆ ತಯಾರಿಸತೊಡಗಿತು. 1973ರಿಂದ ಬೈಕಿನ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. ಕ್ಲಾಸಿಕ್, ರೋಡ್‌ಕಿಂಗ್ ಮುಂತಾದ ಮಾಡೆಲ್‌ಗಳು ಒಂದರ ಹಿಂದೊಂದು ಬಂದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಹೀಗೆ ಮೂರೂವರೆ ದಶಕಗಳ ಕಾಲ, ಹೊರಗಿನ ರೂಪ ಅಷ್ಟಿಷ್ಟು ಬದಲಾದರೂ ಒಳಗಿನ ಎಂಜಿನ್ ಹೆಚ್ಚುಕಡಿಮೆ ಅದೇ ಆಗಿ ಉಳಿದುಕೊಂಡ ಬೈಕು ಅದು.

ಸಿಪಾನಿಯವರ ಕಥೆ ಇದಕ್ಕಿಂತ ವಿಚಿತ್ರವಾದದ್ದು. ಎಪ್ಪತ್ತರ ದಶಕದಲ್ಲಿ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಎಂಬ ಹೆಸರಿನಲ್ಲಿ ಬೆಂಗಳೂರಿನಿಂದ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರು ಹೊರಬಂತು. ಎಂಬತ್ತರ ದಶಕದ ಆರಂಭದಲ್ಲಿ ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಪುಟ್ಟ ಕಾರನ್ನು ಆಧರಿಸಿ ಡಾಲ್ಫಿನ್ ಸಿದ್ಧವಾಯಿತು. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಉಕ್ಕಿನ ಚಾಸಿಯ ಮೇಲೆ ಕೂರಿಸಿದ ಫೈಬರ್ ಗ್ಲಾಸ್ ಮೈ, ಎರಡು ಬಾಗಿಲು. ತೂಕ ಕಡಿಮೆ, ಓಟ ಚುರುಕು. ದೇಶದ ರೇಸು, ರ್‍ಯಾಲಿಗಳಲ್ಲೂ ಈ ಕಾರು ಹೆಸರು ಮಾಡಿತ್ತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಜಪಾನಿನ ಎಂಜಿನ್, ನಾಲ್ಕು ಬಾಗಿಲು, ಬೆನ್ನಿಗೆ ಸರ್ಕಾರ. ಡಾಲ್ಫಿನ್ನಿಗೆ ಎರಡು ಬಾಗಿಲು ಸೇರಿಸಿ ಮೊಂಟಾನಾ ಎಂದು ಹೆಸರಿಟ್ಟು ಮಾರಿದರೂ ಆ ಹೊಡೆತದಿಂದ ಚೇತರಿಸಿಕೊಳ್ಳಲು ಆಗಲಿಲ್ಲ. ಕೊನೆಯಲ್ಲಿ ರೋವರ್ ಮೊಂಟೆಗೊ ಎಂಬ ದೊಡ್ಡ ಕಾರನ್ನೂ ಜೋಡಿಸಿ ಮಾರಲು ಹೊರಟರು; ಅದನ್ನು ಕೊಂಡವರು ಬೆರಳೆಣಿಕೆಯ ಮಂದಿ.

ಯೆಜ್ಡಿ ಲಕ್ಷಗಟ್ಟಲೆ ಮಾರಾಟವಾಗಿತ್ತು, ಡಾಲ್ಫಿನ್ ಸಾವಿರದ ಲೆಕ್ಕದ್ದು, ಆದ್ದರಿಂದ ಒಂದು ಉಳಿಯಿತು, ಇನ್ನೊಂದು ಅಳಿಯಿತು ಎಂದು ಹೇಳಿ ಮುಗಿಸಿಬಿಡಬಹುದು. ಆ ಉತ್ತರ ಸುಳ್ಳಲ್ಲ, ಆದರೆ ಅದರಿಂದ ಎಲ್ಲವೂ ವಿವರವಾಗುವುದಿಲ್ಲ. ಲೆಕ್ಕವೊಂದೇ ಕಾರಣವಾಗಿದ್ದರೆ ಬಜಾಜ್ ಟೆಂಪೊ ಕಂಪನಿಯ ಮಟಾಡೋರ್ ಇಂದಿಗೂ ಊರೂರಿನಲ್ಲಿ ಕಾಣಬೇಕಿತ್ತು. ಎಂಬತ್ತು–ತೊಂಬತ್ತರ ದಶಕದಲ್ಲಿ ಹಳೆ ಮೈಸೂರು ಪ್ರಾಂತ್ಯದ ಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಜನರನ್ನು, ಮಾರುಕಟ್ಟೆಗೆ ತರಕಾರಿಯನ್ನು, ಮದುವೆ ಮನೆಗೆ ಪಾತ್ರೆ ಪಗಡಿಯನ್ನು ಹೊತ್ತದ್ದು ಅದೇ. ಲೂನಾ, ತಿರುಪತಿಯಲ್ಲಿ ತಯಾರಾಗುತ್ತಿದ್ದ ಸುವೇಗಾ ಮುಂತಾದ ಮೊಪೆಡ್‌ಗಳು ಮೇಷ್ಟ್ರುಗಳ, ಹಾಲಿನವರ, ಪೋಸ್ಟ್‌ಮ್ಯಾನ್‌ಗಳ ಮನೆ ಮುಂದೆ ಸಾಲಾಗಿ ನಿಂತಿರುತ್ತಿದ್ದವು. ಇವೆಲ್ಲ ಸಂಖ್ಯೆಯಲ್ಲಿ ಯೆಜ್ಡಿಗೆ ಸರಿಸಮವಾಗಿಯೋ ಮಿಗಿಲಾಗಿಯೋ ಇದ್ದವು. ಈಗ ಹಳೆಯ ಮಟಾಡೋರ್ ಒಂದನ್ನು ಓಡುವ ಸ್ಥಿತಿಯಲ್ಲಿ ಹುಡುಕುವುದು ಯೆಜ್ಡಿಯನ್ನು ಹುಡುಕುವುದಕ್ಕಿಂತ ಎಷ್ಟೋ ಪಾಲು ಕಷ್ಟ.

ದುಡಿಯುವ ವಾಹನಕ್ಕೆ ಬರುವ ಸಾವು ಬೇರೆ ಬಗೆಯದು. ಮಟಾಡೋರ್ ಇಟ್ಟುಕೊಂಡವನು ಅದರಿಂದ ದಿನದ ಬಾಡಿಗೆ ಎತ್ತಬೇಕು. ಬಾಡಿಗೆಗಿಂತ ರಿಪೇರಿ ಖರ್ಚು ಹೆಚ್ಚಾದ ತಿಂಗಳು ಅವನು ಅದನ್ನು ಮಾರಿ ಇನ್ನೊಂದನ್ನು ತರುತ್ತಾನೆ. ಅದು ಎರಡನೆಯವನ ಕೈಯಲ್ಲಿ ಇನ್ನೂ ಕೆಟ್ಟ ರಸ್ತೆಯಲ್ಲಿ ಇನ್ನೂ ಹೆಚ್ಚು ಭಾರ ಹೊರುತ್ತದೆ, ಮೂರನೆಯವನ ಕೈಯಲ್ಲಿ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತದೆ, ಅಲ್ಲಿಂದ ನೇರ ಗುಜರಿಗೆ ಹೋಗುತ್ತದೆ. ಎಂಬತ್ತರ ದಶಕದಲ್ಲಿ ಒಮ್ಮೆಗೇ ಬಂದ ಜಪಾನಿ ಲಘು ಲಾರಿಗಳಾದ ಡಿಸಿಎಂ ಟೊಯೊಟಾ, ಆಲ್ವಿನ್ ನಿಸಾನ್‌ಗಳಿಗೂ ಇದೇ ಗತಿಯಾಯಿತು. ಅವುಗಳಲ್ಲಿ ಯಾವೊಂದನ್ನೂ ಯಾರೂ ಮನೆಯ ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಲಿಲ್ಲ. ನಿಲ್ಲಿಸುವ ಕಾರಣವೂ ಇರಲಿಲ್ಲವೆನ್ನಿ.

ಖಾಸಗಿ ಕಾರು–ಬೈಕುಗಳ ವಿಷಯದಲ್ಲಿ ಸಾವು ಇನ್ನಷ್ಟು ನಿಧಾನ. ಹೊಸ ಕಾರಿನ ಬೆಲೆ ವರ್ಷ ವರ್ಷಕ್ಕೂ ಇಳಿಯುತ್ತ ಬಂದು, ಹದಿನೈದು ಇಪ್ಪತ್ತು ವರ್ಷವಾಗುವ ಹೊತ್ತಿಗೆ ಅದರ ಒಟ್ಟು ಬೆಲೆ ಒಂದು ದೊಡ್ಡ ರಿಪೇರಿಯ ಖರ್ಚಿಗಿಂತ ಕೆಳಗೆ ಬೀಳುತ್ತದೆ. ಗೇರ್ ಬಾಕ್ಸ್ ಬಿಚ್ಚಿಸಲು ಬೇಕಾದ ಹಣಕ್ಕೆ ಅಂಥದ್ದೇ ಇನ್ನೊಂದು ಕಾರು ಸಿಗುವಂತಾದಾಗ ಯಾರು ತಾನೇ ರಿಪೇರಿ ಮಾಡಿಸುತ್ತಾರೆ? ಈ ತಗ್ಗಿನಲ್ಲಿಯೇ ಬಹುಪಾಲು ಕಾರುಗಳು ಸಾಯುವುದು. ಇಲ್ಲಿಂದ ದಾಟಿ ಮೂವತ್ತು ನಲವತ್ತು ವರ್ಷ ಬದುಕಿದ ಕೆಲವೇ ಕಾರುಗಳಿಗೆ ಆಮೇಲೆ ಬೆಲೆ ಮತ್ತೆ ಏರತೊಡಗುತ್ತದೆ, ಏಕೆಂದರೆ ಉಳಿದವು ಅಷ್ಟರಲ್ಲಿ ಇಲ್ಲವಾಗಿರುತ್ತವೆ. ಕಾಂಟೆಸ್ಸಾ ಕಾರುಗಳನ್ನು ಒಂದು ಕಾಲದಲ್ಲಿ ತೂಕಕ್ಕೆ ಹಾಕಿದ ಜನರೇ ಇಂದು ಒಳ್ಳೆಯ ಕಾಂಟೆಸ್ಸಾಕ್ಕೆ ಕೇಳುವ ಬೆಲೆಯನ್ನು ಕಂಡು ಹುಬ್ಬೇರಿಸುತ್ತಾರೆ.

ಹಾಗಾದರೆ ಆ ತಗ್ಗನ್ನು ದಾಟಿಸುವುದು ಯಾವುದು? ಮಾಲೀಕನ ಪ್ರೀತಿ ಎಂದು ಹೇಳುವವರಿದ್ದಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಪ್ರೀತಿಯಿದ್ದೂ ಕಾರು ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನ್ನ ಮಟ್ಟಿಗೆ ಉತ್ತರ ಇರುವುದು ಲೋಹವನ್ನು ತಿರುಗಿಸಿ ಕಡೆಯುವ ಲೇಥ್ ಅಂಗಡಿಯಲ್ಲಿ. ಕೆಟ್ಟುಹೋದ ಭಾಗವನ್ನು ಊರಿನ ಕೈಕಸುಬಿನಿಂದ ಮತ್ತೆ ಮಾಡಿಕೊಳ್ಳಲು ಸಾಧ್ಯವಿದ್ದರೆ ವಾಹನ ಉಳಿಯುತ್ತದೆ. ಸಾಧ್ಯವಿಲ್ಲದಿದ್ದರೆ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಒಂದು ಸಣ್ಣ ಭಾಗಕ್ಕಾಗಿ ನಿಂತುಹೋಗುತ್ತದೆ.

ಯೆಜ್ಡಿಯ ಎಂಜಿನ್ನನ್ನೇ ನೋಡಿ. ಒಂದೇ ಸಿಲಿಂಡರಿನ ಟೂ ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್ ಶಾಫ್ಟ್ ಇಲ್ಲ, ಹೆಚ್ಚಿನ ಮಾಡೆಲ್‌ಗಳಲ್ಲಿ ಆಯಿಲ್ ಪಂಪೂ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಭಾಗಗಳನ್ನು ನಯವಾಗಿಡುತ್ತದೆ. ಸಿಲಿಂಡರ್ ಸವೆದರೆ ಬೋರಿಂಗ್ ಮಾಡಿಸಿ, ಅಂದರೆ ಅದರ ಒಳಮೈಯನ್ನು ತುಸು ಅಗಲವಾಗಿ ಕೊರೆಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿದರೆ ಮುಗಿಯಿತು. ಕ್ರ್ಯಾಂಕಿನ ಕನೆಕ್ಟಿಂಗ್ ರಾಡ್ ಸಡಿಲವಾದರೆ ಪ್ರೆಸ್ಸಿನಲ್ಲಿ ಒತ್ತಿ ಬಿಡಿಸಿ, ಹೊಸ ಪಿನ್ನು ಬೇರಿಂಗ್ ಹಾಕಿ, ಲೇಥ್ ಮೇಲೆ ತಿರುಗಿಸಿ ನೇರ ನೋಡಿ ಕೂರಿಸುತ್ತಾರೆ. ಈ ಕೆಲಸಗಳಿಗೆ ಬೇಕಾದ ಯಂತ್ರ ತಾಲ್ಲೂಕು ಕೇಂದ್ರದಲ್ಲೂ ಇರುತ್ತದೆ, ಏಕೆಂದರೆ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳಿಗೂ ಅದೇ ಬೇಕು.

ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಸರಿಯಾದ ಕ್ಷಣವನ್ನು ಕೂರಿಸುವುದನ್ನು ಹಳೆಯ ಮೆಕ್ಯಾನಿಕ್ ಒಬ್ಬರು ಮಾಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ತೂತಿನೊಳಗೆ ಗುರುತು ಹಾಕಿದ ಸೈಕಲ್ ಕಡ್ಡಿ ಇಳಿಸಿ, ಪಿಸ್ಟನ್ ತುದಿ ಮುಟ್ಟುವುದಕ್ಕೆ ಮೂರು ಮಿಲಿಮೀಟರಿನಷ್ಟು ಮೊದಲು ಅದನ್ನು ನಿಲ್ಲಿಸಿದರು. ಆಮೇಲೆ ಸಿಗರೇಟ್ ಪ್ಯಾಕಿನೊಳಗಿನ ತೆಳು ಕಾಗದದ ಚೂರೊಂದನ್ನು ಕಿಡಿ ಹಾರಿಸುವ ಸ್ವಿಚ್ಚಿನಂಥ ಪಾಯಿಂಟ್ ಸೆಟ್ಟಿನ ಎರಡು ಹಲ್ಲುಗಳ ನಡುವೆ ಸಿಕ್ಕಿಸಿ, ಒಂದು ಕೈಯಿಂದ ಅದನ್ನು ಮೆಲ್ಲನೆ ಎಳೆಯುತ್ತ ಇನ್ನೊಂದು ಕೈಯಿಂದ ಪ್ಲೇಟನ್ನು ಕೂದಲೆಳೆಯಷ್ಟು ತಿರುಗಿಸಿದರು. ಕಾಗದ ಜಾರಿ ಕೈಗೆ ಬಂದ ಕ್ಷಣದಲ್ಲಿ ಸ್ಕ್ರೂ ಬಿಗಿಯಾಯಿತು. ಕಂಪ್ಯೂಟರ್ ಇಲ್ಲ, ವಿಶೇಷ ಉಪಕರಣವಿಲ್ಲ. ಕಿಕ್ಕರನ್ನು ಒಮ್ಮೆ ತುಳಿದರು, ಅದೇ ಲಿವರನ್ನು ಮುಂದಕ್ಕೆ ಮಡಚಿ ಗೇರ್ ಹಾಕಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬಂದರು. ಜಾವಾ–ಯೆಜ್ಡಿಗಳಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಇಂಥದ್ದನ್ನು ಎಂದೂ ಓಡಿಸದವರು ಮೊದಲ ಸಲ ಗೇರ್ ಹುಡುಕುವುದನ್ನು ನೋಡುವುದೇ ಒಂದು ಮೋಜು.

ಇದರ ಜತೆಗೆ ಬಿಡಿಭಾಗಗಳ ವ್ಯಾಪಾರ. ಕಾರ್ಖಾನೆ ಮುಚ್ಚಿದರೂ ಅದಕ್ಕೆ ಭಾಗಗಳನ್ನು ಒದಗಿಸುತ್ತಿದ್ದ ಸಣ್ಣ ಉದ್ದಿಮೆಗಳು ಕೂಡಲೇ ಮುಚ್ಚಲಿಲ್ಲ. ಗಿರಾಕಿ ಇರುವವರೆಗೆ ರಬ್ಬರು, ಕೇಬಲ್, ಕ್ಲಚ್ ಪ್ಲೇಟ್, ಸೈಲೆನ್ಸರ್ ತಯಾರಾಗುತ್ತಲೇ ಇದ್ದವು. ದೆಹಲಿಯ ಕರೋಲ್ ಬಾಗ್‌ನಿಂದ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಅಂಗಡಿಗಳಲ್ಲಿ ಅವು ಸಿಗುತ್ತಿದ್ದವು, ಈಗಲೂ ಸಿಗುತ್ತವೆ. ಗುಣಮಟ್ಟ ಮೊದಲಿನದಲ್ಲ ಎಂಬ ದೂರು ಎಲ್ಲ ಸವಾರರಲ್ಲೂ ಇದೆ. ಆದರೆ ಬೈಕು ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಜಾವಾ–ಯೆಜ್ಡಿ ಸವಾರರ ಸಂಘವಿದೆ, ಜುಲೈ ತಿಂಗಳ ಎರಡನೇ ಭಾನುವಾರವನ್ನು ಅಂತರರಾಷ್ಟ್ರೀಯ ಜಾವಾ–ಯೆಜ್ಡಿ ದಿನವೆಂದು ಆಚರಿಸುವ ರೂಢಿಯಿದೆ. ಸಂಘಗಳು ಬೈಕನ್ನು ಉಳಿಸಿದವು ಎಂದು ಹೇಳುವವರಿಗೆ ನಾನು ಹೇಳುವುದು ಇಷ್ಟೇ: ಉಳಿದ ಬೈಕುಗಳು ಇದ್ದುದರಿಂದಲೇ ಸಂಘ ಕಟ್ಟಲು ಸಾಧ್ಯವಾಯಿತು. 2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯ ಕೈಯಲ್ಲಿ ಮಾರುಕಟ್ಟೆಗೆ ಮರಳಿದ್ದಕ್ಕೂ, ಆ ಹೆಸರು ಜನರ ಕಣ್ಣಮುಂದೆ ಓಡಾಡುತ್ತಲೇ ಇದ್ದದ್ದು ಒಂದು ಕಾರಣವಿದ್ದೀತು.

ಈಗ ಡಾಲ್ಫಿನ್‌ಗೆ ಬರೋಣ. ಫೈಬರ್ ಮೈಗೆ ತುಕ್ಕು ಹಿಡಿಯುವುದಿಲ್ಲ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಅಡಿಭಾಗ ಜರಡಿಯಾಗುವ ಫಿಯಟ್, ಅಂಬಾಸಡರುಗಳನ್ನು ಕಂಡವರಿಗೆ ಇದು ದೊಡ್ಡ ವರವೆಂದು ತೋರಬೇಕು. ಈ ಒಂದು ಗುಣದಿಂದಲೇ ಡಾಲ್ಫಿನ್ ಉಳಿದವುಗಳಿಗಿಂತ ಹೆಚ್ಚು ಕಾಲ ಬಾಳಬೇಕಿತ್ತು. ಆದದ್ದು ತಿರುವುಮುರುವು. ಬೀದಿಬದಿಯ ಗ್ಯಾರೇಜಿನ ಟಿಂಕರಿಂಗ್ ಮೇಸ್ತ್ರಿಗೆ ತಗಡು ಗೊತ್ತು: ಸುತ್ತಿಗೆಯಿಂದ ಬಡಿದು ಮಟ್ಟ ಮಾಡುತ್ತಾನೆ, ತುಕ್ಕು ತಿಂದದ್ದನ್ನು ಕತ್ತರಿಸಿ ತೇಪೆ ಹಾಕಿ ವೆಲ್ಡ್ ಮಾಡುತ್ತಾನೆ, ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಯುತ್ತಾನೆ. ಫೈಬರ್ ಬಿರುಕು ಬಿಟ್ಟರೆ ಅದಕ್ಕೆ ಗಾಜಿನ ನಾರಿನ ಮ್ಯಾಟು, ರೆಸಿನ್, ಒಣಗಿಸುವ ಲೆಕ್ಕ ಬೇಕು. ಅಂದಿನ ದಿನಗಳಲ್ಲಿ ಆ ವಿದ್ಯೆ ಇದ್ದದ್ದು ಬೆಂಗಳೂರಿನಂಥ ನಗರದ ಕೆಲವರಲ್ಲಿ ಮಾತ್ರ. ಊರಿನಲ್ಲಿ ಡಾಲ್ಫಿನ್ ಗೋಡೆಗೆ ತಾಗಿದರೆ ಅಲ್ಲಿನ ಮೇಸ್ತ್ರಿ ಕೈಚೆಲ್ಲುತ್ತಿದ್ದ.

ಎಂಜಿನ್ನಿನದೂ ಅದೇ ಕಥೆ. ಅಲ್ಯೂಮಿನಿಯಂ ಬ್ಲಾಕು, ಅದರೊಳಗೆ ಕೂರುವ, ಪಿಸ್ಟನ್ ಓಡಾಡುವ ಪ್ರತ್ಯೇಕ ಲೈನರು ಕೊಳವೆಗಳು. ನೀರಿನ ಬಿಸಿ ಏರಿ ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ ಬಾಗಿದರೆ ಕಬ್ಬಿಣದ ಎಂಜಿನ್ನಿನಂತೆ ಅಡ್ಜಸ್ಟ್ ಮಾಡಿಕೊಳ್ಳಲು ಬರುವುದಿಲ್ಲ. ಸಿಪಾನಿಯವರ ಕಾರುಗಳನ್ನು ಬಿಟ್ಟರೆ ಇದೇ ಎಂಜಿನ್ ದೇಶದ ಇನ್ನಾವ ವಾಹನದಲ್ಲೂ ಇರಲಿಲ್ಲ ಎಂಬುದು ಇನ್ನೂ ದೊಡ್ಡ ತೊಡಕು. ಪ್ರೀಮಿಯರ್ 118 ಎನ್‌ಇ ಕಾರಿಗೆ ಫಿಯಟ್ 124ರ ಮೈ, ನಿಸಾನ್ ಎಂಜಿನ್ ಇದ್ದವು. ನಿಸಾನಿನ ಆ ಎಂಜಿನ್ ಕುಟುಂಬ ಜಗತ್ತಿನ ಹಲವು ದೇಶಗಳಲ್ಲಿ ಓಡಿದ್ದರಿಂದ ಹುಡುಕಿದರೆ ಭಾಗ ಸಿಗುತ್ತಿತ್ತು. ಬಂಧುಗಳಿಲ್ಲದ ಎಂಜಿನ್ ಇರುವ ಕಾರು, ತನ್ನಂಥದ್ದೇ ಇನ್ನೊಂದು ಕಾರಿನಿಂದ ಬಿಚ್ಚಿದ ಭಾಗದ ಮೇಲೆ ಬದುಕಬೇಕು. ಅಪರೂಪದ ಮಾಡೆಲ್‌ಗಳ ಸಂಖ್ಯೆ ಕೊನೆಕೊನೆಗೆ ಬೇಗ ಕುಸಿಯುವುದು ಇದರಿಂದಲೇ: ಒಂದನ್ನು ಓಡಿಸಲು ಇನ್ನೊಂದನ್ನು ಬಿಚ್ಚುತ್ತಾರೆ. ಮೂರು ಕಾರು ಇದ್ದ ಊರಿನಲ್ಲಿ ಒಂದು ಉಳಿಯುತ್ತದೆ, ಅದಕ್ಕೆ ಬೇಕಾದ ಮುಂದಿನ ಭಾಗಕ್ಕೆ ಬಿಚ್ಚಲು ಯಾವುದೂ ಇರುವುದಿಲ್ಲ.

ಗುಜರಿಯ ವಿಷಯದಲ್ಲೂ ಡಾಲ್ಫಿನ್ ನತದೃಷ್ಟ. ಕಬ್ಬಿಣದ ಕಾರನ್ನು ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಿ ಹಣ ಎಣಿಸುತ್ತಾನೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಇಡೀ ಕಾರು ಒಂದೆರಡು ದಿನದಲ್ಲಿ ಬಾಗಿಲು, ಬಾನೆಟ್, ಡೈನಮೊ, ಸೀಟುಗಳಾಗಿ ಬೇರ್ಪಟ್ಟು, ಯಾರದ್ದೋ ಉಪಯೋಗಕ್ಕೆ ಬರುತ್ತಿತ್ತು. ಅಂದರೆ ಗುಜರಿಯವನು ಮಾಡೆಲ್ ಒಂದರ ಕೊನೆಗಾಲದಲ್ಲಿ ಅದರ ಉಗ್ರಾಣವೂ ಹೌದು. ಫೈಬರ್ ಮೈಗೆ ತೂಕದ ಬೆಲೆಯೇ ಇಲ್ಲ. ಎಂಜಿನ್ ಮತ್ತು ಚಾಸಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಯಾರೂ ಕೊಳ್ಳುವುದಿಲ್ಲ, ಇಟ್ಟುಕೊಳ್ಳುವುದೂ ಇಲ್ಲ. ಆ ಚಿಪ್ಪುಗಳಲ್ಲಿ ಎಷ್ಟೋ ಹಿತ್ತಿಲಿನಲ್ಲಿ ಕೋಳಿಗೂಡಾದವು, ಎಷ್ಟೋ ತಿಪ್ಪೆಯಲ್ಲಿ ಮುಚ್ಚಿಹೋದವು.

ಎಂಜಿನ್, ಗೇರ್ ಬಾಕ್ಸುಗಳ ಬಗ್ಗೆ ಇಷ್ಟು ಹೇಳಿದೆನಾದರೂ, ಹಳೆಯ ಕಾರು ಇಟ್ಟುಕೊಂಡವರನ್ನು ಕೇಳಿದರೆ ಅವರು ಮೊದಲು ಹೇಳುವ ಚಿಂತೆ ಗಾಜಿನದು. ಮುಂದಿನ ಗಾಜಿಗೆ ಒಂದು ಕಲ್ಲು ಬಿದ್ದರೆ ಸಾಕು. ಹಳೆಯ ವಿಲ್ಲೀಸ್ ಜೀಪಿನ ಗಾಜು ಸಪಾಟು. ಅಳತೆ ಕೊಟ್ಟರೆ ಯಾವ ಗಾಜಿನ ಅಂಗಡಿಯವನೂ ಲ್ಯಾಮಿನೇಟೆಡ್ ಹಾಳೆಯಿಂದ ಕತ್ತರಿಸಿ ಕೊಡುತ್ತಾನೆ. ಜೀಪುಗಳು ಎಪ್ಪತ್ತು ವರ್ಷವಾದರೂ ಕೊಡಗು, ಮಲೆನಾಡಿನ ತೋಟಗಳಲ್ಲಿ ಓಡುತ್ತಿರುವುದಕ್ಕೆ ಅವುಗಳ ಎಂಜಿನ್ನಿನಷ್ಟೇ ಈ ಸಪಾಟು ಗಾಜೂ ಕಾರಣವೆಂದು ನಾನು ತಿಳಿದಿದ್ದೇನೆ. ಬಾಗಿದ ಗಾಜಿಗೆ ಅಚ್ಚು ಬೇಕು, ಕುಲುಮೆ ಬೇಕು, ಒಂದು ಗಾಜಿಗಾಗಿ ಅದನ್ನು ಯಾರೂ ಹೊತ್ತಿಸುವುದಿಲ್ಲ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ತಂದ ಸ್ಟ್ಯಾಂಡರ್ಡ್ 2000 ಕಾರಿನ ಮೈ ಬ್ರಿಟನ್ನಿನ ರೋವರ್ ಎಸ್‌ಡಿ1ದು, ಎಂಜಿನ್ ಮಾತ್ರ ಕಂಪನಿಯ ಹಳೆಯ ವ್ಯಾನ್‌ಗಾರ್ಡ್ ಕಾಲದ್ದು. ಮೂರ್ನಾಲ್ಕು ವರ್ಷದಲ್ಲೇ ಅದರ ತಯಾರಿಕೆ ನಿಂತಿತು. ಆ ಹಳೆಯ ಎಂಜಿನ್ನನ್ನು ಬಲ್ಲ ಮೆಕ್ಯಾನಿಕ್‌ಗಳು ಸಿಗುತ್ತಿದ್ದರು. ಆ ಮೈಯ ಗಾಜು, ದೀಪ, ಬಾಗಿಲಿನ ಹಿಡಿಗಳನ್ನು ತರುವುದೆಲ್ಲಿಂದ?

1991ರಲ್ಲಿ ಬಂದ ಟಾಟಾ ಸಿಯೆರಾ ಇನ್ನೊಂದು ಉದಾಹರಣೆ. ಅದರ ಎಂಜಿನ್, ಗೇರ್ ಬಾಕ್ಸ್, ಆ್ಯಕ್ಸಲ್‌ಗಳು ಟಾಟಾದ ಪಿಕಪ್ ವಾಹನಗಳೊಂದಿಗೆ ಹಂಚಿಕೊಂಡಂಥವು. ಆದ್ದರಿಂದ ಕೆಳಗಿನದೆಲ್ಲ ಸಿಗುತ್ತದೆ. ಆದರೆ ಹಿಂದಿನ ಸೀಟಿನ ಪಕ್ಕದಲ್ಲಿ ಚಾವಣಿಯವರೆಗೂ ಬಾಗಿ ಹೋಗುವ ದೊಡ್ಡ ಗಾಜು ಇನ್ನಾವ ವಾಹನಕ್ಕೂ ಇಲ್ಲ. ಅದು ಒಡೆದರೆ ಫೈಬರ್ ಹಾಳೆಯನ್ನೋ ಅಕ್ರಿಲಿಕ್ ಅನ್ನೋ ಬಗ್ಗಿಸಿ ಕೂರಿಸಿಕೊಂಡವರಿದ್ದಾರೆ. 2025ರಲ್ಲಿ ಅದೇ ಹೆಸರಿನ ಹೊಸ ಕಾರು ಬಂದ ಮೇಲೆ ಹಳೆಯ ಸಿಯೆರಾದ ಕಡೆಗೆ ಜನ ಮತ್ತೆ ನೋಡತೊಡಗಿದ್ದಾರೆ, ಆದರೆ ಹೊಸದರ ಗಾಜು ಹಳೆಯದಕ್ಕೆ ಬರುವುದಿಲ್ಲ.

ಗಾಜು ಸಿಕ್ಕರೂ ಅದರ ಸುತ್ತಲಿನ ರಬ್ಬರ್ ಬೀಡಿಂಗ್ ಸಿಗಬೇಕು. ಹಳೆಯ ಕಾರುಗಳಲ್ಲಿ ಗಾಜನ್ನು ಅಂಟಿಸುತ್ತಿರಲಿಲ್ಲ. ಗಾಜಿನ ಅಂಚಿಗೆ ಬೀಡಿಂಗ್ ತೊಡಿಸಿ, ಅದರ ಹೊರಗಿನ ತೋಡಿನುದ್ದಕ್ಕೂ ಗಟ್ಟಿ ದಾರ ಹಾಕಿ, ಸೋಪು ನೀರು ಬಳಿದು, ಇಬ್ಬರು ಹೊರಗಿನಿಂದ ಗಾಜನ್ನು ಅಂಗೈಯಲ್ಲಿ ಒತ್ತಿ ಹಿಡಿಯುತ್ತಾರೆ. ಒಳಗೆ ಕೂತವನು ದಾರದ ತುದಿಯನ್ನು ನಿಧಾನವಾಗಿ ಎಳೆಯುತ್ತ ಹೋದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಬಂದು ಕಚ್ಚಿಕೊಳ್ಳುತ್ತದೆ. ರಬ್ಬರ್ ಹಳೆಯದಾಗಿ ಗಡಸಾಗಿದ್ದರೆ ಮೂಲೆಯಲ್ಲಿ ಹರಿಯುತ್ತದೆ, ಇಲ್ಲವೇ ಗಾಜೇ ಸೀಳುತ್ತದೆ. ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲಿ ನಿಂತ ಕಾರಿನ ತಗಡು ಚೆನ್ನಾಗಿರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಕರಾವಳಿಯ ಕಾರಿನಲ್ಲಿ ರಬ್ಬರ್ ಮೆತ್ತಗಿರುತ್ತದೆ, ಅದು ಹಿಡಿದುಕೊಳ್ಳಬೇಕಾದ ತಗಡು ಕರಗಿರುತ್ತದೆ.

ಕಾಗದಪತ್ರಗಳದ್ದೂ ಒಂದು ಪಾಲಿದೆ. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ವಾಹನ ಒಯ್ದು ತೋರಿಸಿ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ, ಬೈಕಿನದು 300ರಿಂದ 1,000ಕ್ಕೆ ಏರಿತು. ಇನ್ನೊಂದು ಕಡೆ, 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಕೊಡುವ ನಿಯಮ ತಂದಿತು. ಅಂಥ ವಾಹನವನ್ನು ಪ್ರದರ್ಶನ, ರ್‍ಯಾಲಿ ಮುಂತಾದವಕ್ಕೆ ಬಿಟ್ಟರೆ ದಿನಬಳಕೆಗೆ ಓಡಿಸುವಂತಿಲ್ಲ. 1983ರಲ್ಲಿ ನೋಂದಣಿಯಾದ ಡಾಲ್ಫಿನ್ ಒಂದು ಐವತ್ತು ತುಂಬಿಸಲು 2033ರವರೆಗೆ ಕಾಯಬೇಕು. ಅಷ್ಟರಲ್ಲಿ ಅದು 1998, 2003, 2008, 2013, 2018, 2023, 2028 ಹೀಗೆ ಏಳು ಸಲ ಇನ್‌ಸ್ಪೆಕ್ಟರರ ಮುಂದೆ ನಿಂತು ಪಾಸಾಗಬೇಕು. ಬಿಡಿಭಾಗವಿಲ್ಲದೆ ಒಂದು ಸಲ ತಪ್ಪಿದರೂ ಕಾಗದ ಸಾಯುತ್ತದೆ. ಕಾಗದ ಸತ್ತ ಕಾರಿಗೆ ಯಾರೂ ಖರ್ಚು ಮಾಡುವುದಿಲ್ಲ, ಖರ್ಚು ಮಾಡದ ಕಾರು ಮುಂದಿನ ಸಲ ಪಾಸಾಗುವ ಸ್ಥಿತಿಯಲ್ಲಿ ಇರುವುದಿಲ್ಲ.

ಸರ್ಕಾರದ ಕಡತಗಳನ್ನು ನೋಡಿ ಎಷ್ಟು ಉಳಿದಿವೆ ಎಂದು ಲೆಕ್ಕ ಹಾಕುವುದೂ ಸಾಧ್ಯವಿಲ್ಲ. ಆಜೀವ ತೆರಿಗೆ ಒಮ್ಮೆ ಕಟ್ಟಿದ ಮೇಲೆ ಮಾಲೀಕನು ವರ್ಷ ವರ್ಷವೂ ಕಚೇರಿಗೆ ಹೋಗುವ ಅಗತ್ಯವಿಲ್ಲ; ಗುಜರಿಗೆ ಹಾಕಿದ ಮೇಲೆ ಆರ್‌ಸಿ ಹಿಂದಿರುಗಿಸಿ ನೋಂದಣಿ ರದ್ದು ಮಾಡಿಸಿದವರು ನಮ್ಮಲ್ಲಿ ಅಪರೂಪ. ಹಾಗಾಗಿ ಎಂವೈ, ಎಂಇ ಎಂದು ಶುರುವಾಗುವ ಹಳೆಯ ನಂಬರಿನ ವಾಹನಗಳೆಷ್ಟೋ ಕಡತದಲ್ಲಿ ಬದುಕಿಯೇ ಇವೆ, ನೆಲದ ಮೇಲೆ ಕರಗಿ ಸರಳುಗಳಾಗಿವೆ.

ದಿನಾಂಕ ಹಿಡಿದು ಹೇಳಬಹುದಾದ ಒಂದು ಮರೆಯಾಗುವಿಕೆ ನೆನಪಿಗೆ ಬರುತ್ತದೆ. ಮುಂಬೈಯ ಕಪ್ಪು–ಹಳದಿ ಟ್ಯಾಕ್ಸಿಗಳಾಗಿ ದಶಕಗಳ ಕಾಲ ಓಡಿದ ಪ್ರೀಮಿಯರ್ ಪದ್ಮಿನಿಯ ಕೊನೆಯ ಟ್ಯಾಕ್ಸಿ ಅಲ್ಲಿನ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿಯಿದ್ದುದರಿಂದ 2023ರ ಅಕ್ಟೋಬರ್ 30ರಿಂದ ಪದ್ಮಿನಿ ಟ್ಯಾಕ್ಸಿ ಎಂಬುದು ಕಾನೂನಿನ ಪ್ರಕಾರ ಇಲ್ಲವಾಯಿತು. ಜನ ಫೋಟೊ ತೆಗೆದುಕೊಂಡರು, ಪತ್ರಿಕೆಗಳು ಬರೆದವು. ಆದರೆ ಅದು ಬಿಡಿಭಾಗವಿಲ್ಲದೆ ಸತ್ತ ಕಾರಲ್ಲ. ಪದ್ಮಿನಿಯ ಪಾಯಿಂಟ್ ಸೆಟ್ಟಿನಿಂದ ಬಂಪರಿನವರೆಗೆ ಎಲ್ಲವನ್ನೂ ಮಾಡಬಲ್ಲವರು ಮುಂಬೈಯಲ್ಲಿ ಕೊನೆಯ ದಿನದವರೆಗೂ ಇದ್ದರು. ಅದನ್ನು ನಿಲ್ಲಿಸಿದ್ದು ನಿಯಮ, ಸವೆತವಲ್ಲ. ಖಾಸಗಿ ಪದ್ಮಿನಿಗಳು ಈಗಲೂ ಅಲ್ಲಲ್ಲಿ ಓಡುತ್ತಿವೆ.

ಬೆಂಗಳೂರಿನದೇ ಇನ್ನೊಂದು ಕಾರು ರೇವಾ. 2001ರಲ್ಲಿ ರಸ್ತೆಗಿಳಿದ ಈ ವಿದ್ಯುತ್ ಕಾರು ಬ್ರಿಟನ್ನಿನಲ್ಲಿ ಜಿ–ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಿತು. 2010ರಲ್ಲಿ ಮಹೀಂದ್ರ ಆ ಕಂಪನಿಯನ್ನು ಕೊಂಡಿತು. ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಫಲಕಗಳು, ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿಗಳು. ಡಾಲ್ಫಿನ್ನಿನ ಕಥೆ ಇಲ್ಲಿ ಬೇರೆ ರೂಪದಲ್ಲಿ ಮರಳಿತು. ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋತಾಗ ಹೊಸ ಸೆಟ್ಟಿನ ಬೆಲೆ ಕಾರಿನ ಬೆಲೆಯನ್ನೇ ಮೀರುತ್ತಿತ್ತು. ಸೀಸಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ, ಪ್ಲಾಸ್ಟಿಕ್ಕಿಗಿಲ್ಲ. ಆದ್ದರಿಂದ ಬ್ಯಾಟರಿ ಮಾರಿ ಕಾರನ್ನು ಗೇಟಿನ ಪಕ್ಕ ಬಿಟ್ಟವರೇ ಹೆಚ್ಚು. ಜಯನಗರ, ಇಂದಿರಾನಗರದ ಕಡೆ ಕೆಲವು ವರ್ಷಗಳ ಹಿಂದಿನವರೆಗೂ ಎಲೆ ತುಂಬಿಕೊಂಡು ನಿಂತ ರೇವಾಗಳು ಕಾಣುತ್ತಿದ್ದವು. ಉತ್ಸಾಹಿಗಳು ಲಿಥಿಯಂ ಬ್ಯಾಟರಿ ಕೂರಿಸಿ ಒಂದಷ್ಟನ್ನು ಮತ್ತೆ ಓಡಿಸಿದ್ದಾರೆ. ಮೋಟಾರ್ ಸರಳವಾದದ್ದು, ಅದಕ್ಕೆ ತೊಂದರೆಯಿಲ್ಲ. ಅದನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟರೆ ಮಾತ್ರ ಮುಂದೆ ದಾರಿ ಕಿರಿದು.

ಈ ಪೆಟ್ಟಿಗೆಯ ಮಾತು ವಿದ್ಯುತ್ ಕಾರಿಗಷ್ಟೇ ಸೀಮಿತವಲ್ಲ. ತೊಂಬತ್ತರ ದಶಕದ ಕೊನೆಯಿಂದ ಬಂದ ಕಾರುಗಳಲ್ಲಿ ಇಂಧನ ಚಿಮ್ಮಿಸುವುದು, ಕಿಡಿ ಕೊಡುವುದು, ಕೀಲಿಯನ್ನು ಗುರುತಿಸುವುದು ಎಲ್ಲವೂ ಇಸಿಯು ಎಂಬ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆಯ ಕೈಯಲ್ಲಿದೆ. ದೇವೂ ಕಂಪನಿ ಮುಚ್ಚಿದ ಮೇಲೆ ಮಾಟಿಜ್, ಜನರಲ್ ಮೋಟರ್ಸ್ 2017ರಲ್ಲಿ ಇಲ್ಲಿನ ಮಾರಾಟ ನಿಲ್ಲಿಸಿದ ಮೇಲೆ ಓಪೆಲ್ ಕೋರ್ಸಾ ಮತ್ತು ಷೆವರ್ಲೆಗಳು, 2021ರಲ್ಲಿ ಫೋರ್ಡ್ ತಯಾರಿಕೆಯಿಂದ ಹಿಂದೆ ಸರಿಯಲು ನಿರ್ಧರಿಸಿದ ಮೇಲೆ ಐಕಾನ್, ಫಿಯೆಸ್ಟಾಗಳು ಈಗ ಬೆಲೆಯ ಆ ತಗ್ಗಿನಲ್ಲಿ ಇಳಿಯುತ್ತಿವೆ. ಇವುಗಳ ಮೈ ಡಾಲ್ಫಿನ್ನಿಗಿಂತ ಸುಲಭ, ಎಂಜಿನ್ನುಗಳು ಯೆಜ್ಡಿಗಿಂತ ಗಟ್ಟಿ. ಆದರೆ ಇಸಿಯು ಸತ್ತರೆ ಬೋರಿಂಗ್ ಅಂಗಡಿಯವನು ಏನೂ ಮಾಡಲಾರ. ಬೆಂಗಳೂರಿನಲ್ಲಿ ಆ ಪೆಟ್ಟಿಗೆಯನ್ನು ಬಿಚ್ಚಿ, ಸುಟ್ಟ ಮೈಕ್ರೊಚಿಪ್ ತೆಗೆದು, ಗುಜರಿ ಕಾರಿನ ಇಸಿಯುನಿಂದ ಮೆಮೊರಿಯನ್ನು ನಕಲು ಮಾಡಿ ಕೂರಿಸುವ ಸಣ್ಣ ಅಂಗಡಿಗಳು ಹುಟ್ಟಿಕೊಂಡಿವೆ. ಈ ಕಸುಬು ಹಾಸನ, ಚಿತ್ರದುರ್ಗ, ಗದಗದವರೆಗೆ ಇಳಿದರೆ ಇನ್ನು ಇಪ್ಪತ್ತು ವರ್ಷದ ಮೇಲೂ ಐಕಾನ್ ಒಂದು ಸಿಗ್ನಲ್ಲಿನಲ್ಲಿ ನಮ್ಮ ಪಕ್ಕ ಬಂದು ನಿಂತೀತು. ಬೆಂಗಳೂರಿನಲ್ಲೇ ಉಳಿದುಬಿಟ್ಟರೆ ಐಕಾನ್ ಕೂಡ ಬೆಂಗಳೂರಿನಲ್ಲಷ್ಟೇ ಉಳಿಯುತ್ತದೆ.